ವಿಮಾನದ ದುರಸ್ತಿ: ವೇಳೆ ಎಲ್ಲಿ ಹೋಗುತ್ತದೆ?



ಬಾವಿಯ ಪಂಪು ಗರಗರ ಸದ್ದು ಮಾಡಿತೆಂದರೆ ಜತ್ತ ಕಡೆಯ ನೀವು ಅದನ್ನು ಟೆಂಪೋದಲ್ಲಿ ಹೇರಿಕೊಂಡು ಮಿರಜಿಗೋ ಸಾಂಗಲಿಗೋ ಬರುತ್ತೀರಿ. ಮಿಸ್ತ್ರಿ ಬಿಚ್ಚುತ್ತಾನೆ. ಬಿಚ್ಚಿದ ಮೇಲೆ ಬೇರಿಂಗ್ ಹೋಗಿದೆಯೆಂದು ತಿಳಿಯುತ್ತದೆ. ಹುಡುಗ ಅಂಗಡಿಗೆ ಓಡುತ್ತಾನೆ. ಆ ನಂಬರಿನದು ಇಲ್ಲ. "ನಾಳೆ ಬರ್ರಿ" ಎಂಬ ಮಾತು ಬರುತ್ತದೆ. ಕೈಕೆಲಸ ನಾಲ್ಕು ತಾಸಿನದು, ಹೋದದ್ದು ಮೂರು ದಿನ. ಅಲ್ಲಿ ದಾಳಿಂಬೆ ಗಿಡ ನೀರಿಲ್ಲದೆ ನಿಂತಿರುತ್ತದೆ.

ವಿಮಾನಕ್ಕೂ ಇದೇ ಕಾಯಿಲೆ. ಹಾರಿದ ತಾಸುಗಳನ್ನೂ ಏರಿಳಿದ ಸಲಗಳನ್ನೂ ಲೆಕ್ಕ ಹಿಡಿದು ಅದನ್ನು ಹ್ಯಾಂಗರ್ ಎಂಬ ದೊಡ್ಡ ಶೆಡ್ಡಿಗೆ ತರುತ್ತಾರೆ. ಸಣ್ಣ ತಪಾಸಣೆ ಒಂದು ರಾತ್ರಿಯಲ್ಲಿ ಮುಗಿದೀತು. ಕೆಲವು ವರ್ಷಗಳಿಗೊಮ್ಮೆ ಬರುವ ದೊಡ್ಡ ತಪಾಸಣೆಗೆ ವಾರಗಳೇ ಬೇಕು. ಕುರ್ಚಿ, ನೆಲಹಾಸು ಎಲ್ಲ ತೆಗೆದು ತುಕ್ಕು, ಬಿರುಕು ಹುಡುಕುತ್ತಾರೆ. ನಿಂತ ವಿಮಾನ ದುಡಿಯುವುದಿಲ್ಲ, ಅದರ ಸಾಲದ ಬಡ್ಡಿ ಮಾತ್ರ ನಿಲ್ಲುವುದಿಲ್ಲ.

ಜಾಣ ಹ್ಯಾಂಗರಿನವರು ಓಡಾಟವನ್ನೇ ಕಡಿಮೆ ಮಾಡುತ್ತಾರೆ. ವಿಮಾನ ಒಳಗೆ ಬರುವ ಮೊದಲೇ ಆಯಾ ಕೆಲಸದ ಸಾಮಾನು ಪೆಟ್ಟಿಗೆಯಲ್ಲಿ ಸಿದ್ಧವಿರುತ್ತದೆ. ಬಿರುಕು ಬಿಡುವ ಸಂಶಯವಿರುವ ಜಾಗವನ್ನು ಮೊದಲ ದಿನಗಳಲ್ಲೇ ಬಿಚ್ಚುತ್ತಾರೆ. ದೋಷ ಕಂಡರೆ ಬೇರೆ ಕೆಲಸ ನಡೆದಿರುವಾಗಲೇ ಹೊಸ ಭಾಗ ತರಿಸಬಹುದು. ರಬ್ಬರಿನ ಸೀಲುಗಳಿಗೆ ಆಯುಷ್ಯವಿದೆ, ಆದ್ದರಿಂದ ಮೊದಲು ಬಂದದ್ದು ಮೊದಲು ಹೊರಗೆ. ಹಲಗೆಯ ಮೇಲೆ ಪ್ರತಿ ಪಾನಾದ ಆಕಾರ ಬರೆದಿರುತ್ತದೆ. ಒಂದು ಜಾಗ ಖಾಲಿ ಕಂಡರೆ, ಪಾನಾ ಸಿಗುವ ತನಕ ವಿಮಾನ ಬಿಡುವುದಿಲ್ಲ. ಇದೂ ತಡವೇ, ಆದರೆ ಬೇಕಾದ ತಡ.

ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು 1940ರಲ್ಲಿ ಆರಂಭಿಸಿದವರು ನಮ್ಮ ನೆರೆಯ ಸೊಲ್ಲಾಪುರದ ವಾಲಚಂದ ಹಿರಾಚಂದರು. ಯುದ್ಧ ಮುಗಿದಾಗ ಬ್ರಿಟಿಷರು ಮತ್ತೆ ಹಾರಬಾರದೆಂದು ಕೆಡಿಸಿ ಕಾನಪುರದಲ್ಲಿ ಬಿಟ್ಟುಹೋದ ಲಿಬರೇಟರ್ ಬಾಂಬರುಗಳನ್ನು 1948ರಲ್ಲಿ ಈ ಕಾರ್ಖಾನೆ ಕೈಗೆತ್ತಿಕೊಂಡಿತು. ಹಾರುವಷ್ಟು ಸರಿಮಾಡಿ ಬೆಂಗಳೂರಿಗೆ ತಂದು, ಪೂರ್ತಿ ದುರಸ್ತಿ ಮಾಡಿ ವಾಯುಪಡೆಗೆ ಕೊಟ್ಟಿತು. ಗುಜರಿಯ ಪಾಲಾಗಬೇಕಿದ್ದ ಆ ವಿಮಾನಗಳು 1968ರ ತನಕ ದುಡಿದವು.

ವೇಳೆ ಉಳಿಸುವ ಹಟ ತಪ್ಪು ಜಾಗಕ್ಕೆ ಕೈ ಹಾಕಿದ್ದೂ ಉಂಟು. ಡಿಸಿ-10 ವಿಮಾನದ ಎಂಜಿನನ್ನು ಮೊದಲು ಇಳಿಸಿ, ಆಮೇಲೆ ಅದನ್ನು ರೆಕ್ಕೆಗೆ ಹಿಡಿದಿಡುವ ತೋಳನ್ನು ತೆಗೆಯಬೇಕೆಂದು ತಯಾರಕರ ಸೂಚನೆಯಿತ್ತು. ಅಮೆರಿಕದ ಒಂದು ಕಂಪನಿಯವರು ಎರಡನ್ನೂ ಒಟ್ಟಿಗೇ ಫೋರ್ಕ್‌ಲಿಫ್ಟಿನಿಂದ ಇಳಿಸತೊಡಗಿದರು. ಒಂದು ವಿಮಾನಕ್ಕೆ ಸುಮಾರು 200 ಆಳು-ತಾಸು ಉಳಿಯಿತು. ಆ ಎತ್ತಾಟದಲ್ಲಿ ಒಂದು ವಿಮಾನದ ತೋಳಿಗೆ ಬಿರುಕು ಬಿತ್ತು; ಯಾರಿಗೂ ಕಾಣಲಿಲ್ಲ. 1979ರ ಮೇ 25ರಂದು ಶಿಕಾಗೋದಲ್ಲಿ ಅದು ಮೇಲೇಳುವಾಗ ಎಡ ಎಂಜಿನು ಕಿತ್ತುಬಿತ್ತು. ಒಳಗಿದ್ದ 271 ಜನರೂ ನೆಲದ ಮೇಲಿದ್ದ ಇಬ್ಬರೂ ಸತ್ತರು.

ಮುಂದಿನ ಸಲ ಪಂಪು ತರುವ ಮೊದಲು ಅದರ ತಗಡಿನ ಪಟ್ಟಿಯ ಮೇಲಿನ ನಂಬರನ್ನು ಮಿಸ್ತ್ರಿಗೆ ತಿಳಿಸಿರಿ. ಹಳೆಯ ದುರಸ್ತಿ ಚೀಟಿಯಿದ್ದರೆ ಬೇರಿಂಗಿನ ನಂಬರನ್ನೂ ಹೇಳಿರಿ. ಜೋಡಿಸಿದ ಮೇಲೆ ಅವನು "ಒಂದು ತಾಸು ನಡೆಸಿ ನೋಡತೀನ್ರಿ" ಎಂದರೆ, ಟೆಂಪೋದವನನ್ನು ಕೂಡಿಸಿ ಚಹಾ ಕುಡಿಸಿರಿ.