ಮನೆಯೂ ಮನಸ್ಸೂ

ಮನೆ, ಮನ ಎಂಬ ಎರಡು ಶಬ್ದಗಳು ನಮ್ಮ ನಾಲಗೆಯ ಮೇಲೆ ಅಕ್ಕತಂಗಿಯರಂತೆ ಜೊತೆಯಾಗಿಯೇ ಬರುತ್ತವೆ. ಭಾಷಣಕಾರರಿಗಂತೂ ಈ ಪ್ರಾಸದ ಮೋಹ ಬಿಡದು. ಆದರೆ ಕುಲಮೂಲವನ್ನು ವಿಚಾರಿಸಿದರೆ ಇವೆರಡಕ್ಕೂ ರಕ್ತಸಂಬಂಧವಿಲ್ಲ. ಮನೆ ಎಂಬುದು ದೇಶ್ಯ. ತಮಿಳಿನ ಮನೈ ಅದರ ಒಡಹುಟ್ಟು. ಮನವಾದರೋ ಸಂಸ್ಕೃತದ ಮನಸ್ ಎಂಬುದರಿಂದ ಇಳಿದುಬಂದದ್ದು. ಬೇರೆ ಬೇರೆ ಊರುಗಳಿಂದ ಬಂದು ಒಂದೇ ಸೂರಿನಡಿ ಸಂಸಾರ ಹೂಡಿದ ಗಂಡಹೆಂಡಿರಂತೆ ಇವು ಕನ್ನಡದಲ್ಲಿ ಕೂಡಿಕೊಂಡಿವೆ. ಸಂಸಾರವೆಂದ ಮೇಲೆ ವಿರಸವೂ ಉಂಟಷ್ಟೆ. ಮನಸ್ಸಿಗೆ ಬೇಕಾದುದನ್ನು ಮನೆ ಎಷ್ಟೋ ವೇಳೆ ಕೊಡುವುದಿಲ್ಲ. ಆ ವಿರಸದ ವಿಷಯವಾಗಿ, ಅದನ್ನು ಸರಿಪಡಿಸಲು ಗಾರೆ, ಹಲಗೆ, ಅಗುಳಿಗಳೂ ಹೇಗೆ ನೆರವಾಗಬಹುದೆಂಬುದರ ವಿಷಯವಾಗಿ ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಮಡಿಕೇರಿಯಲ್ಲಿ ನನ್ನ ಅಜ್ಜ ಕಟ್ಟಿಸಿದ ಹೆಂಚಿನ ಮನೆಯೊಂದಿದೆ. ಕಳೆದ ಬೇಸಗೆಯಲ್ಲಿ ಅದನ್ನು ದುರಸ್ತಿ ಮಾಡಿಸಿದೆವು. 'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದ ನಮ್ಮ ಹಿರಿಯರು ಹಳೆಯ ಮನೆಯನ್ನು ದುರಸ್ತಿ ಮಾಡಿಸಿ ನೋಡು ಎಂದು ಹೇಳಲಿಲ್ಲ. ಅದು ಇನ್ನೂ ಕಷ್ಟವೆಂದು ಕನಿಕರಪಟ್ಟು ಬಿಟ್ಟಿರಬೇಕು. ಹೊಸ ಮನೆ ನಾವು ಹೇಳಿದಂತೆ ಕೇಳುತ್ತದೆ. ಹಳೆಯ ಮನೆಗೆ ತನ್ನದೇ ಅಭಿಪ್ರಾಯಗಳಿರುತ್ತವೆ. ನಮ್ಮದು ಬರಿಯ ದುರಸ್ತಿಯೂ ಆಗಿರಲಿಲ್ಲ. ನನ್ನ ಸೊಸೆ ಚಿಕಿತ್ಸಾ ಮನೋವಿಜ್ಞಾನವನ್ನು ಓದಿದವಳು; ನೊಂದವರೊಡನೆ ಮಾತನಾಡಿ, ಅವರ ಮಾತನ್ನು ಕೇಳಿ, ಗುಣದ ದಾರಿ ತೋರುವ ಕಸುಬು ಅವಳದು. ಇದಕ್ಕೆ ಕನ್ನಡದಲ್ಲಿ ಆಪ್ತಸಮಾಲೋಚನೆ ಎಂಬ ಶಬ್ದ ರೂಢಿಗೆ ಬಂದಿದೆ. ಬಹಳ ಒಳ್ಳೆಯ ಶಬ್ದ. ಆಪ್ತತೆಯಿಲ್ಲದೆ ಆಲೋಚನೆ ನಡೆಯದೆಂಬುದು ಅದರಲ್ಲಿಯೇ ಅಡಗಿದೆ. ಪೇಟೆಯಲ್ಲಿ ಬಾಡಿಗೆಗೆ ಎರಡು ಕೋಣೆ ಕೇಳಿದಾಗ ಬರುವವರು ಯಾರೆಂದು ತಿಳಿದ ಮಾಲಿಕರು ಒಬ್ಬೊಬ್ಬರೂ ಹಿಂದೆಗೆದರು. ಕಡೆಗೆ ಅವಳು ನನ್ನಲ್ಲಿಗೆ ಬಂದು, "ಮಾವ, ಮನೆಯ ಹಿಂಬದಿಯ ಭಾಗವನ್ನು ನನಗೆ ಬಿಟ್ಟುಕೊಡುತ್ತೀರಾ?" ಎಂದು ಕೇಳಿದಳು.

ಮನೆಯಲ್ಲಿಯೇ ಮದ್ದು ಎಂಬುದು ಕೊಡಗಿಗೆ ಹೊಸತಲ್ಲ. ಕಕ್ಕಡ ಮಾಸದ 18ನೆಯ ದಿನ ಮದ್ದುಸೊಪ್ಪನ್ನು ಬೇಯಿಸಿ, ಆ ನೇರಳೆ ಬಣ್ಣದ ರಸದಲ್ಲಿ ಪಾಯಸ ಮಾಡಿ ಉಣ್ಣುವ ನಾಡು ಇದು. ಮನಸ್ಸಿನ ನೋವಿಗೂ ಇಲ್ಲಿ ಮನೆಯೇ ಔಷಧಾಲಯವಾಗಿತ್ತು. ಐನ್‌ಮನೆಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಓಣಿಯ ಕೊನೆಯಲ್ಲಿ ಎತ್ತರದ ನೆಲೆ. ಮುಂದೆ ಕಯ್ಯಾಲೆಯೆಂಬ ಜಗಲಿ, ಅದರ ಕಂಬಗಳ ನಡುವೆ ಕೂರಲು ಐಮರವೆಂಬ ಅಗಲವಾದ ಹಲಗೆ. ಒಳಗೆ ನೆಲ್ಲಕ್ಕಿ ನಡುಬಾಡೆ, ಅಲ್ಲಿ ತೂಗುದೀಪ. ನೈಋತ್ಯದಲ್ಲಿ ಹಿರಿಯರಿಗೆ ಎಡೆಯಿಡುವ ಕನ್ನಿಕೋಂಬರೆ. ಹೊರಗೆ ಗುರುಕಾರಣರ ಕೈಮಡ. ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿಗಳು ಊರೂರು ಸುತ್ತಿ ಈ ಮನೆಗಳನ್ನು ದಾಖಲಿಸಿ 2014ರಲ್ಲಿ ಪ್ರಕಟಿಸಿದ ಗ್ರಂಥ ನಮಗೆ ದೊಡ್ಡ ಉಪಕಾರ. ಕಾರಣರ ತೆರೆಯಲ್ಲಿ ಹಿರಿಯರು ಪಾತ್ರಿಯ ಬಾಯಿಂದ ಮಾತನಾಡುತ್ತಾರೆಂಬುದು ನಂಬಿಕೆ. ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತ ಎಂ. ಎನ್. ಶ್ರೀನಿವಾಸರ ಗ್ರಂಥ 1952ರಲ್ಲಿ ಬಂದಾಗ ಈ ಒಕ್ಕ, ಈ ಹಿರಿಯರ ಆರಾಧನೆ ಲೋಕದ ವಿದ್ವಾಂಸರ ಕಣ್ಣಿಗೆ ಬಿದ್ದವು. ಇಲ್ಲಿ ನಾವು ಗಮನಿಸಬೇಕಾದುದು ಒಂದೇ: ಆ ಹಳೆಯ ಕ್ರಮದಲ್ಲಿ ಸಂಕಟವನ್ನು ಹೇಳಿಕೊಳ್ಳುವುದು ಎಲ್ಲರೆದುರು. ಅಣ್ಣತಮ್ಮಂದಿರ ಮುನಿಸು, ಸೊಸೆಯ ಬೇಸರ, ಹಠಾತ್ತಾದ ಭಯ, ಎಲ್ಲವೂ ಒಕ್ಕದ ಕಿವಿಗೆ ಬೀಳುತ್ತಿದ್ದವು, ಪರಿಹಾರವೂ ಒಕ್ಕದ್ದೇ. ಇಂದಿನ ಚಿಕಿತ್ಸೆ ಹಾಗಲ್ಲ. ಅಲ್ಲಿ ಇಬ್ಬರು, ನಡುವೆ ಒಂದು ಗುಟ್ಟು. ಮೊದಲನೆಯದಕ್ಕೆಂದು ಕಟ್ಟಿದ ಮನೆ ಎರಡನೆಯದಕ್ಕೆ ತಾನಾಗಿ ಒದಗುವುದಿಲ್ಲ.

ಇದು ನನಗೆ ಮನವರಿಕೆಯಾದುದು ದುರಸ್ತಿಯ ಮೊದಲ ವಾರದಲ್ಲಿ. ನಮ್ಮ ಕಡೆಯ ಹಳೆಯ ಹೆಂಚಿನ ಮನೆಗಳಲ್ಲಿ ಒಳಗೋಡೆಗಳು ಮಾಡಿನವರೆಗೆ ಏರುವುದಿಲ್ಲ. ಆಳೆತ್ತರಕ್ಕಿಂತ ತುಸು ಮೇಲೆ ನಿಂತುಬಿಡುತ್ತವೆ. ಗಾಳಿಯಾಡಲೆಂದೂ ಅಡುಗೆಮನೆಯ ಹೊಗೆ ಮಾಡಿಗೆ ಹರಡಿ ಮರಮುಟ್ಟಿಗೆ ಹುಳು ಹಿಡಿಯದಿರಲೆಂದೂ ಹಿರಿಯರು ಮಾಡಿದ ಉಪಾಯ. ಆದರೆ ಹೊಗೆ ಹೋಗುವ ದಾರಿಯಲ್ಲಿ ಮಾತೂ ಹೋಗುತ್ತದೆ. ಹಿಂಬದಿಯ ಕೋಣೆಯಲ್ಲಿ ಪಿಸುಗುಟ್ಟಿದರೆ ನಡುಮನೆಯಲ್ಲಿ ಕೇಳಿಸುತ್ತದೆ. ಸೊಸೆ ಒಳಗೆ ನಿಂತು ಮೆಲ್ಲನೆ ಪತ್ರಿಕೆ ಓದಿದಳು; ಹೊರಗೆ ಕುಳಿತ ನಾನು ಒಂದಕ್ಷರ ಬಿಡದೆ ಕೇಳಿದೆ. ಕಿವಿ ಮಂದವಾಗಿರುವ ನನಗೇ ಹೀಗಾದರೆ ಉಳಿದವರ ಗತಿಯೇನು? ಇಟ್ಟಿಗೆಯಿಂದ ಗೋಡೆಯನ್ನು ಮಾಡಿನವರೆಗೂ ಏರಿಸಿದೆವು. ಮೇಲೆ ಹಲಗೆಯ ಮುಚ್ಚಿಗೆ ಹಾಕಿಸಿದೆವು. ಬಾಗಿಲಿನ ಕೆಳಗಿನ ಸಂದನ್ನು ಮುಚ್ಚಿಸಿದೆವು, ಏಕೆಂದರೆ ನೀರಿನಂತೆ ಸದ್ದೂ ಸಂದು ಸಿಕ್ಕಲ್ಲಿ ಹರಿಯುತ್ತದೆ. ನಡುಮನೆಗೆ ತಗಲಿದ ಗೋಡೆಗೆ ನನ್ನ ಪುಸ್ತಕದ ಕಪಾಟುಗಳನ್ನು ಸಾಲಾಗಿ ನಿಲ್ಲಿಸಿದೆವು. ನಲವತ್ತು ವರ್ಷ ಪಾಠ ಹೇಳಲು ಬಳಸಿದ ಗ್ರಂಥಗಳು ಈಗ ಮತ್ತೊಬ್ಬರ ಮಾತನ್ನು ಹೀರಿಕೊಂಡು ಸುಮ್ಮನಿರುವ ಕೆಲಸಕ್ಕೆ ನೇಮಕಗೊಂಡಿವೆ.

ಮುಚ್ಚಿಗೆಗೆ ಇನ್ನೊಂದು ಕಾರಣವಿತ್ತು. ಹೆಂಚಿನ ಮೇಲೆ ಬೀಳುವ ಮಳೆಯ ಸದ್ದು ಕೊಡಗಿನವರಿಗೆ ಜೋಗುಳ. ಒಳಗಿನ ಮಾತು ಹೊರಗೆ ಕೇಳಿಸದಂತೆ ಮಳೆಯೇ ತೆರೆ ಎಳೆಯುತ್ತದಲ್ಲ, ಮುಚ್ಚಿಗೆ ಏಕೆ ಎಂದು ನಾನು ವಾದಿಸಿದ್ದುಂಟು. "ಮಾವ, ಆ ಸದ್ದು ಕೇಳಿದರೆ ಕೈಕಾಲು ನಡುಗುವವರೂ ನನ್ನಲ್ಲಿಗೆ ಬರುತ್ತಾರೆ" ಎಂದಳು ಅವಳು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲಗಳ ಕಡೆ ಬೆಟ್ಟಗಳು ಜಾರಿ ಮನೆ ತೋಟಗಳನ್ನು ಕೊಂಡೊಯ್ದುದನ್ನು ಯಾರು ಮರೆತಾರು? 2019ರಲ್ಲಿ ತೋರಾದಲ್ಲಿ, 2020ರಲ್ಲಿ ತಲಕಾವೇರಿಯ ಬಳಿಯಲ್ಲೇ ಮತ್ತೆ ಗುಡ್ಡ ಕುಸಿಯಿತು. ಪರಿಹಾರ ಶಿಬಿರಗಳಿಗೆ ಅಕ್ಕಿ ಕಂಬಳಿಗಳ ಜೊತೆಗೆ ಮನಸ್ಸಿಗೆ ಧೈರ್ಯ ಹೇಳುವವರೂ ಬರಬೇಕಾಯಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಬಂದರು. ಹೋದ ಮನೆಗೆ ಬದಲು ಮನೆ ಕಟ್ಟಿಕೊಡಬಹುದು. ರಾತ್ರಿ ಮಳೆ ಹಿಡಿದಾಗ ಎದ್ದು ಕೂತು ಬೆಳಗು ಮಾಡುವವರ ನಿದ್ದೆಯನ್ನು ಕಟ್ಟಿಕೊಡುವುದು ಹೇಗೆ? ಹಲಗೆಯ ಮೇಲೆ ತೆಂಗಿನನಾರಿನ ಹಾಸು ಹರಡಿಸಿದೆವು. ಮಳೆ ಈಗ ಆ ಕೋಣೆಗೆ ದೂರದಿಂದ ಬಂದಂತೆ ಕೇಳುತ್ತದೆ.

ಗೋಡೆಯ ತೇವ ಇನ್ನೊಂದು ಪ್ರಶ್ನೆ. ಬೂಸಲು ಹಿಡಿದ ಕೋಣೆಯಲ್ಲಿ ಆರೋಗ್ಯವಂತನ ಮನಸ್ಸೂ ಮಂಕಾಗುತ್ತದೆ. ಹಳೆಯ ಮಣ್ಣಿನ ಗೋಡೆಗೆ ಸಿಮೆಂಟು ಮೆತ್ತಿದರೆ ಒಳಗಿನ ನೀರಿನ ಪಸೆ ಹೊರಬರಲಾರದೆ ಅಲ್ಲಿಯೇ ಕೊಳೆಯುತ್ತದೆ. ಸುಣ್ಣದ ಗಾರೆಯಾದರೆ ಗೋಡೆ ಉಸಿರಾಡುತ್ತದೆ. ಮೇಸ್ತ್ರಿಯು ಇದನ್ನು ಹೇಳಿದಾಗ ಸೊಸೆ ನಕ್ಕು, ತನ್ನ ಶಾಸ್ತ್ರವೂ ಇದನ್ನೇ ಹೇಳುತ್ತದೆ ಎಂದಳು.

ಉಳಿದವೆಲ್ಲ ಸಣ್ಣ ಸಣ್ಣ ಸಂಗತಿಗಳು, ಆದರೆ ಒಂದೊಂದಕ್ಕೂ ಅರ್ಥವಿದೆ. ಕುರ್ಚಿಗಳು ಎದುರುಬದುರಾಗಿರದೆ ತುಸು ಓರೆಯಾಗಿರಬೇಕು. ನೋಡಬೇಕೆನಿಸಿದರೆ ನೋಡುವ, ಬೇಡವೆನಿಸಿದರೆ ಕಿಟಕಿಯಾಚೆ ಕಣ್ಣು ಹಾಯಿಸುವ ಸ್ವಾತಂತ್ರ್ಯ ಬಂದವರಿಗಿರಬೇಕು. ಅವರು ಕುಳಿತಲ್ಲಿಂದ ಬಾಗಿಲು ಕಾಣಬೇಕು. ಬರೆದಿಟ್ಟ ಕಾಗದಗಳಿಗೆ ಬೀಗವಿರುವ ಕಪಾಟು ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮುಂಬಾಗಿಲಿಂದ ಹಾಯದೆ ಹಿತ್ತಿಲ ಕಡೆಯಿಂದ ಬರಲು ಬೇರೊಂದು ದಾರಿ ಬೇಕು.

ಇಂಥ ಚಿಂತೆ ದೊಡ್ಡವರ ಮನೆಗಳಲ್ಲಿಯೂ ನಡೆದದ್ದುಂಟು. ಸಿಗ್ಮಂಡ್ ಫ್ರಾಯ್ಡ್ ವಿಯೆನ್ನಾದ ಬೆರ್ಗಾಸೆ ಬೀದಿಯ 19ನೆಯ ಸಂಖ್ಯೆಯ ಮನೆಯಲ್ಲಿ 1891ರಿಂದ 47 ವರ್ಷ ವಾಸವಾಗಿದ್ದರು. ಸಂಸಾರವೂ ಚಿಕಿತ್ಸೆಯೂ ಅಲ್ಲಿಯೇ. 1938ರಲ್ಲಿ ನಾಜಿಗಳು ಆಸ್ಟ್ರಿಯಾವನ್ನು ನುಂಗಿದಾಗ, 82 ವರ್ಷದ ರೋಗಿಷ್ಠ ವೃದ್ಧರು ಲಂಡನ್ನಿಗೆ ವಲಸೆ ಹೋಗಬೇಕಾಯಿತು. ವಾಸ್ತುಶಿಲ್ಪಿಯಾಗಿದ್ದ ಮಗ ಅರ್ನ್‌ಸ್ಟ್ ಅಲ್ಲಿನ ಮನೆಯನ್ನು ತಂದೆಗಾಗಿ ಮಾರ್ಪಡಿಸಿದರು: ಎರಡು ಕೋಣೆಗಳ ನಡುವಣ ಗೋಡೆ ತೆಗೆದು ಒಂದು ಮಾಡಿದರು, ಮೇಲೆ ಹತ್ತಲಾರದ ತಂದೆಗೆ ಲಿಫ್ಟ್ ಹಾಕಿಸಿದರು. ವಿಯೆನ್ನಾದಿಂದ ಬಂದ ಮಂಚ, ಪುಸ್ತಕ, ಪುರಾತನ ವಿಗ್ರಹಗಳನ್ನು ಅಲ್ಲಿದ್ದಂತೆಯೇ ಇಲ್ಲಿಯೂ ಜೋಡಿಸಲಾಯಿತು. ಮರುವರ್ಷ ಸೆಪ್ಟೆಂಬರಿನಲ್ಲಿ ಅವರು ಆ ಕೋಣೆಯಲ್ಲಿಯೇ ತೀರಿಕೊಂಡರು. ಮಗಳು ಆನಾ ಫ್ರಾಯ್ಡ್ 1982ರಲ್ಲಿ ನಿಧನರಾಗುವವರೆಗೆ ಆ ಮನೆಯಲ್ಲಿದ್ದರು. 1986ರಲ್ಲಿ ಅದು ವಸ್ತುಸಂಗ್ರಹಾಲಯವಾಯಿತು. ಊರು ಬಿಟ್ಟವರಿಗೆ ತಮ್ಮ ಕೋಣೆಯನ್ನು ಮತ್ತೆ ಕಟ್ಟಿಕೊಡುವುದೂ ಒಂದು ಚಿಕಿತ್ಸೆಯೇ ಎಂಬುದನ್ನು ಆ ಮಗ ಅರಿತಿದ್ದರೆಂದು ತೋರುತ್ತದೆ.

ಇನ್ನು ನಮ್ಮ ಹಿಂಬದಿಯ ಕೋಣೆಯ ಮಾತು. ಬಡಗಿಯು ಅದರ ಬಾಗಿಲನ್ನು ಕಳಚಿ ಅಂಗಳದಲ್ಲಿ ಒರಗಿಸಿ, "ಮೇಷ್ಟ್ರೆ, ಇದರ ಅಗುಳಿ ಹೊರಗಡೆ ಇದೆಯಲ್ಲ, ಉಗ್ರಾಣವಾಗಿತ್ತೆ?" ಎಂದು ಕೇಳಿದ. ಅದು ಉಗ್ರಾಣವಾಗಿರಲಿಲ್ಲ. ನಾನು ಚಿಕ್ಕವನಾಗಿದ್ದಾಗ, ಅಂದರೆ 1960ರ ದಶಕದಲ್ಲಿ, ನನ್ನ ಸೋದರತ್ತೆಯೊಬ್ಬರು ಆ ಕೋಣೆಯಲ್ಲಿದ್ದರು. ಬಾಣಂತನದ ನಂತರ ಅವರಿಗೆ ಬುದ್ಧಿ ಸ್ತಿಮಿತ ತಪ್ಪಿತೆಂದು ಗಂಡನ ಮನೆಯವರು ತಂದು ಬಿಟ್ಟುಹೋಗಿದ್ದರು. ಅಗುಳಿಯನ್ನು ಹೊರಗಿನಿಂದ ಹಾಕುತ್ತಿದ್ದರು. ಕ್ರೂರಿಗಳಾಗಿ ಅಲ್ಲ, ಕಾಡಿಗೆ ಹೊರಟುಹೋದಾರೆಂಬ ಭಯದಿಂದ, ಊರಿಗೆ ತಿಳಿದೀತೆಂಬ ಲಜ್ಜೆಯಿಂದ. ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1954ರಲ್ಲಿಯೇ ಸ್ಥಾಪಿತವಾಗಿತ್ತು. ಆದರೆ ಆ 250 ಕಿಲೋಮೀಟರುಗಳ ದಾರಿಯನ್ನು ಯಾರೂ ಸವೆಸಲಿಲ್ಲ. ಅತ್ತೆ ಒಳಗಿನಿಂದ ಹಾಡುತ್ತಿದ್ದರು. ಗೋಡೆ ಮಾಡಿನವರೆಗೆ ಇರಲಿಲ್ಲವಾದ್ದರಿಂದ ಹಾಡು ಮನೆಯಲ್ಲೆಲ್ಲ ಕೇಳಿಸುತ್ತಿತ್ತು. ಎಲ್ಲರಿಗೂ ಕೇಳಿಸುತ್ತಿತ್ತು, ಯಾರೂ ಕೇಳುತ್ತಿರಲಿಲ್ಲ. ಕೆಲವು ವರ್ಷಗಳ ನಂತರ ಅವರು ಅಲ್ಲಿಯೇ ತೀರಿಕೊಂಡರು.

ಕನ್ನಡದ ಓದುಗರಿಗೆ ಇಲ್ಲಿ ತ್ರಿವೇಣಿಯವರ 'ಶರಪಂಜರ' ನೆನಪಾಗದಿರದು. ಹೆರಿಗೆಯ ನಂತರ ಮನಸ್ಸು ಕದಡಿದ ಕಾವೇರಿ ಆಸ್ಪತ್ರೆಯಲ್ಲಿ ಗುಣಹೊಂದಿ ಮನೆಗೆ ಮರಳುತ್ತಾಳೆ. ಆದರೆ ಮನೆ ಗುಣಹೊಂದಿರುವುದಿಲ್ಲ. ಸಂಶಯದ ನೋಟಗಳೇ ಅವಳಿಗೆ ಬಾಣದ ಪಂಜರವಾಗುತ್ತವೆ. 1971ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಚಿತ್ರವಾಗಿಸಿದಾಗ ಅದರ ಹಾಡಿನಲ್ಲಿ ನಮ್ಮ ಕೊಡಗೂ ಬಂದಿತು. ಕೊಡಗಿನವರು ಹಾಡನ್ನು ಹೆಮ್ಮೆಯಿಂದ ಹಾಡಿಕೊಂಡೆವು. ಕಾವೇರಿಯ ಕಥೆ ನಮ್ಮ ಹಿಂಬದಿಯ ಕೋಣೆಗಳಲ್ಲಿಯೂ ನಡೆಯುತ್ತಿತ್ತೆಂಬುದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಕಾಲ ಬದಲಾಗಿದೆ. ಹುಚ್ಚರೆಂದೇ ಹೆಸರಿಟ್ಟು ಕರೆಯುತ್ತಿದ್ದ 1912ರ ಕಾಯಿದೆ ಹೋಗಿ 1987ರದು ಬಂತು. ಅದೂ ಹೋಗಿ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ 2018ರ ಮೇ ತಿಂಗಳಿಂದ ಜಾರಿಯಲ್ಲಿದೆ. ಮನೋರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ಅದು ನಿಷೇಧಿಸುತ್ತದೆ. ಅವರ ಗುಟ್ಟನ್ನು ಕಾಪಾಡುವುದು ಅವರ ಹಕ್ಕೆಂದು ಸಾರುತ್ತದೆ. ಮಡಿಕೇರಿಯಲ್ಲಿಯೇ 2016ರಿಂದ ವೈದ್ಯಕೀಯ ಕಾಲೇಜಿದೆ. 2022ರ ಅಕ್ಟೋಬರಿನಿಂದ 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಿ ನೆರವು ಕೇಳಬಹುದು. ಆದರೂ ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ 10.6 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ. ಅವರಲ್ಲಿ ಬಹುಪಾಲು ಜನಕ್ಕೆ ಚಿಕಿತ್ಸೆಯೇ ಇಲ್ಲ. ಕಾಯಿದೆ ಅಗುಳಿಯನ್ನು ತೆಗೆಯಬಹುದು. ಲಜ್ಜೆಯನ್ನು ತೆಗೆಯಬೇಕಾದವರು ಮನೆಯವರೇ.

ನನ್ನ ಹೆಂಡತಿ ಮೊದಲು ಈ ಏರ್ಪಾಡನ್ನು ಒಪ್ಪಿರಲಿಲ್ಲ. "ಈ ಮನೆಯಲ್ಲಿ ಬಾಗಿಲು ಮುಚ್ಚಿ ಮಾತನಾಡಿದವರೇ ಇಲ್ಲ" ಎಂಬುದು ಅವಳ ಆಕ್ಷೇಪ. ಅತ್ತೆಯ ವಿಷಯ ಅವಳಿಗೆ ಗೊತ್ತಿತ್ತು. ಬಡಗಿಯ ಪ್ರಶ್ನೆಯ ದಿನ ಅವಳು ಬಹಳ ಹೊತ್ತು ಅಂಗಳದಲ್ಲಿ ಆ ಬಾಗಿಲನ್ನೇ ನೋಡುತ್ತ ನಿಂತಿದ್ದಳು. ಬೀಟೆ ಮರದ ಒಳ್ಳೆಯ ಬಾಗಿಲು. ಬದಲಿಸುವುದೇ ಬೇಡವೆಂದು ತೀರ್ಮಾನವಾಯಿತು. ಅಗುಳಿಯನ್ನು ಮಾತ್ರ ಕಿತ್ತು ಒಳಗಡೆಗೆ ಹಾಕಿಸಿದೆವು. ಈಗ ಅದು ಒಳಗೆ ಕುಳಿತವರ ಕೈಯಲ್ಲಿದೆ.

ಮನೆಯ ನಡವಳಿಕೆಯೂ ದುರಸ್ತಿಯಾಗಬೇಕಾಯಿತು. ಕೊಡಗಿನಲ್ಲಿ ಬಂದವರನ್ನು ಮೊದಲು ಕೇಳುವ ಪ್ರಶ್ನೆ "ಯಾರ ಮನೆಯವರು?" ಎಂದು, ಎರಡನೆಯದು ಬೆಲ್ಲದ ಕಾಫಿ. ಹಿತ್ತಿಲ ದಾರಿಯಲ್ಲಿ ಬರುವವರಿಗೆ ಎರಡೂ ಇಲ್ಲ. ಅವರು ಎದುರಾದರೆ ನಾನು ಹೂಗಿಡದ ಕಡೆ ತಿರುಗುತ್ತೇನೆ. ಪೇಟೆಯಲ್ಲಿ ಕಂಡರೆ ಗುರುತು ಹಿಡಿಯುವುದಿಲ್ಲ. ಯಾರೆಂದು ಕೇಳದಿರುವುದೂ ಅತಿಥಿಸತ್ಕಾರವಾಗಬಲ್ಲದೆಂಬುದನ್ನು ಈ ವಯಸ್ಸಿನಲ್ಲಿ ಕಲಿಯುತ್ತಿದ್ದೇವೆ. ನೆರೆಯವರೊಬ್ಬರು ಬಂದು, "ಅಂಥವರೆಲ್ಲ ಮನೆಗೆ ಬಂದರೆ ಮಕ್ಕಳಿರುವ ಕೇರಿಯಲ್ಲಿ ಹೇಗೆ?" ಎಂದು ಕೇಳಿದರು. ನಾನು ಉತ್ತರ ಹುಡುಕುವಷ್ಟರಲ್ಲಿ ನನ್ನ ಹೆಂಡತಿ, "ಅಂಥವರು ಮೊದಲೂ ಈ ಮನೆಯಲ್ಲಿದ್ದರು, ನಮ್ಮವರೇ" ಎಂದಳು.

ಕೇಳುಗರೇ, ಎಲ್ಲರ ಮನೆಯಲ್ಲಿಯೂ ಚಿಕಿತ್ಸೆಯ ಕೋಣೆ ಇರಬೇಕಾಗಿಲ್ಲ. ಅದು ಬಲ್ಲವರ ಕೆಲಸ. ಆದರೆ ಬೇಸಗೆ ಬಂದೊಡನೆ ಹೆಂಚು ಸರಿಸಿ, ಸುಣ್ಣ ಬಳಿಸಿ ಮಳೆಗಾಲಕ್ಕೆ ಮನೆಯನ್ನು ಅಣಿಗೊಳಿಸುವ ನಾವು, ಒಳಗಿರುವವರಲ್ಲಿ ಯಾರಾದರೂ ಬಹಳ ದಿನದಿಂದ ಮಾತು ಬಿಟ್ಟಿದ್ದಾರೆಯೇ ಎಂಬುದನ್ನೂ ಆಗಲೇ ಒಮ್ಮೆ ನೋಡಿಕೊಳ್ಳಬಹುದು. ತೀರಿಹೋದ ಹಿರಿಯರಿಗೆ ಎಡೆಯಿಡಲೆಂದು ಮನೆಯಲ್ಲಿ ಒಂದು ಮೂಲೆಯನ್ನು ಕಾಯ್ದಿಟ್ಟ ನಾಡು ಇದು. ಬದುಕಿರುವವರ ಅಳಲಿಗೂ ಅಷ್ಟು ಜಾಗ ಕೊಡುವುದು ನಮಗೆ ಕಷ್ಟವಾಗಬಾರದು. 

(ಆಕಾಶವಾಣಿಯ ಕೃಪೆಯಿಂದ)