ಹಣ್ಣೆಲೆಯ ಹೆಸರು ಹೊತ್ತ ಸಾವು



ಹಣ್ಣೆಲೆ ಉದುರಿದರೆ ಮರ ಸತ್ತಿತೆಂದು ಯಾರೂ ಹೇಳುವುದಿಲ್ಲ. ಈ ತಿಳಿವಳಿಕೆಯೇ ಜೀವವಿಜ್ಞಾನದ ಒಂದು ಪದವಾಗಿದೆ: ಅಪೊಪ್ಟೋಸಿಸ್.

ಜಾನ್ ಕೆರ್, ಆಂಡ್ರ್ಯೂ ವೈಲಿ, ಅಲಸ್ಟೇರ್ ಕರಿ ಎಂಬ ರೋಗಶಾಸ್ತ್ರಜ್ಞರು 1972ರಲ್ಲಿ 'ಬ್ರಿಟಿಷ್ ಜರ್ನಲ್ ಆಫ್ ಕ್ಯಾನ್ಸರ್'ನ ಲೇಖನವೊಂದರಲ್ಲಿ ಜೀವಕೋಶಗಳ ಒಂದು ಬಗೆಯ ಸಾವಿಗೆ ಈ ಹೆಸರಿಟ್ಟರು. ಪದವನ್ನು ಸೂಚಿಸಿದವರು ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾಲಯದ ಗ್ರೀಕ್ ಪ್ರಾಧ್ಯಾಪಕ ಜೇಮ್ಸ್ ಕಾರ್ಮ್ಯಾಕ್. ಮರದಿಂದ ಎಲೆ, ಹೂವಿನಿಂದ ಎಸಳು ಉದುರುವುದಕ್ಕೆ ಗ್ರೀಕ್ ಭಾಷೆಯಲ್ಲಿರುವ ಮಾತಿದು. ಎರಡನೆಯ 'ಪ'ಕಾರವನ್ನು ಉಚ್ಚರಿಸಬಾರದೆಂದು ಆ ಲೇಖನದಲ್ಲೇ ಸೂಚನೆಯಿತ್ತು. ಈಗ ಎರಡೂ ಉಚ್ಚಾರಣೆಗಳು ರೂಢಿಯಲ್ಲಿವೆ.

ಹೊಸ ಪದವೇಕೆ ಬೇಕಾಯಿತು? ಸುಟ್ಟಾಗ ಅಥವಾ ರಕ್ತದ ಪೂರೈಕೆ ನಿಂತಾಗ ಕೋಶ ಉಬ್ಬಿ ಒಡೆಯುತ್ತದೆ. ಒಳಗಿನದೆಲ್ಲ ಚೆಲ್ಲಿ ಸುತ್ತಲೂ ಉರಿಯೂತವಾಗುತ್ತದೆ. ಇದು ನೆಕ್ರೋಸಿಸ್. ಅಪೊಪ್ಟೋಸಿಸ್‌ನ ರೀತಿಯೇ ಬೇರೆ. ಇಲ್ಲಿ ಕೋಶ ಕುಗ್ಗಿ, ಪೊರೆಯೊಳಗೇ ಸಣ್ಣ ತುಣುಕುಗಳಾಗುತ್ತದೆ. ಅವನ್ನು ನೆರೆಯ ಕೋಶಗಳು ನುಂಗಿಬಿಡುತ್ತವೆ. ಗದ್ದಲವಿಲ್ಲ, ಉರಿಯಿಲ್ಲ.

ಗರ್ಭದಲ್ಲಿ ಶಿಶುವಿನ ಬೆರಳುಗಳ ನಡುವಿನ ಕೋಶಗಳು ಹೀಗೆ ಸಾಯುವುದರಿಂದಲೇ ಬೆರಳುಗಳು ಬಿಡಿಯಾಗುತ್ತವೆ. ಸಿ. ಎಲೆಗಾನ್ಸ್ ಎಂಬ ಪುಟ್ಟ ಹುಳುವಿನ ಬೆಳವಣಿಗೆಯಲ್ಲಿ ಹುಟ್ಟುವ 1,090 ಕೋಶಗಳ ಪೈಕಿ 131 ತಪ್ಪದೆ ಸಾಯುತ್ತವೆ. ಈ ಹುಳುವಿನ ಅಧ್ಯಯನಕ್ಕಾಗಿ ಸಿಡ್ನಿ ಬ್ರೆನರ್, ರಾಬರ್ಟ್ ಹಾರ್ವಿಟ್ಜ್, ಜಾನ್ ಸಲ್‌ಸ್ಟನ್ ಅವರಿಗೆ 2002ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಇದನ್ನು 'ಕೋಶಗಳ ಆತ್ಮಹತ್ಯೆ' ಎಂದು ಬರೆಯುವುದುಂಟು. ಆ ಮಾತು ಅರ್ಧ ಮಾತ್ರ ಸರಿ. ಸಾಯುವ ಸಲಕರಣೆ ಕೋಶದೊಳಗೇ ಇದೆ, ನಿಜ. ಆದರೆ ಆಜ್ಞೆ ಹಲವು ಬಾರಿ ಹೊರಗಿನಿಂದ ಬರುತ್ತದೆ. ವೈರಸ್ ಹೊಕ್ಕ ಕೋಶಕ್ಕೆ ರೋಗನಿರೋಧಕ ಕೋಶಗಳು ಸಾವಿನ ಸಂಕೇತ ಕೊಡುತ್ತವೆ. 'ಯೋಜಿತ ಸಾವು' ಎಂಬುದೂ ಇದಕ್ಕೆ ಪೂರ್ಣ ಸಮಾನಪದವಲ್ಲ. ಯೋಜಿತ ಸಾವಿಗೆ ಬೇರೆ ದಾರಿಗಳೂ ಇವೆ.

ಪದದ ಈ ಚರ್ಚೆ ಪಂಡಿತರಿಗಷ್ಟೇ ಸೇರಿದ್ದಲ್ಲ. ಕೆಟ್ಟ ಕೋಶಕ್ಕೆ ಸಾಯುವ ಆಜ್ಞೆ ತಲುಪಿಸುವಲ್ಲಿ ಪಿ53 ಎಂಬ ಜೀನ್‌ನ ಪಾತ್ರ ದೊಡ್ಡದು. ಮನುಷ್ಯರ ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಆ ಜೀನೇ ಕೆಟ್ಟಿರುತ್ತದೆ. ಉದುರಬೇಕಾದದ್ದು ಉದುರದೆ ಗಂಟಾಗಿ ಬೆಳೆಯುತ್ತದೆ. ಕಿಮೋಥೆರಪಿಯ ಅನೇಕ ಔಷಧಗಳು ಇಂಥ ಕೋಶಗಳನ್ನು ಮತ್ತೆ ಅಪೊಪ್ಟೋಸಿಸ್‌ನತ್ತ ತಳ್ಳುತ್ತವೆ. ಬೇಗ ವಿಭಜನೆಯಾಗುವ ಕೂದಲ ಬುಡದ ಕೋಶಗಳೂ ಆ ಹೊಡೆತಕ್ಕೆ ಸಿಗುತ್ತವೆ. ಕೂದಲು ಉದುರುವುದು ಇದರಿಂದಲೇ. ರೋಗ ಉಲ್ಬಣಿಸಿತೆಂದು ಅಂಜಬೇಕಿಲ್ಲ. ಚಿಕಿತ್ಸೆ ಮುಗಿದ ಮೇಲೆ ಸಾಮಾನ್ಯವಾಗಿ ಕೂದಲು ಮತ್ತೆ ಚಿಗುರುತ್ತದೆ.