ದೀಪದ ಚಿತ್ರದ ಮುಂದೆ



ನಾನು ಶಾಲೆಯಲ್ಲಿ ಉರ್ದು, ಕನ್ನಡ ಕಲಿಸುವವನು. ಚಿತ್ರ ಬರೆಯುವುದು ಭಾನುವಾರದ ಹವ್ಯಾಸ. ಹುಣಸೂರಿನಲ್ಲಿ ಬಸ್ಸು ಹತ್ತಿದರೆ ಮೈಸೂರು ದೂರವೇನಲ್ಲ. ಜಗನ್ಮೋಹನ ಅರಮನೆಯ ಚಿತ್ರಶಾಲೆಯನ್ನು ನಿಮ್ಮಲ್ಲಿ ಹಲವರು ಶಾಲಾ ಪ್ರವಾಸದಲ್ಲಿ ನೋಡಿರುತ್ತೀರಿ. 1861ರಲ್ಲಿ ಕಟ್ಟಿದ ಆ ಅರಮನೆಯಲ್ಲಿ ರಾಜಾ ರವಿವರ್ಮನ ತೈಲಚಿತ್ರಗಳಿವೆ. ನನ್ನನ್ನು ತಡೆದು ನಿಲ್ಲಿಸಿದ್ದು ಮಾತ್ರ ದೀಪ ಹಿಡಿದ ಮಹಿಳೆಯ ಚಿತ್ರ. ಅದನ್ನೂ ರವಿವರ್ಮನದೆಂದೇ ಬಹಳ ಜನ ತಿಳಿದಿದ್ದಾರೆ. ಅಲ್ಲ, ಅದು ಸಾವಂತವಾಡಿಯ ಎಸ್.ಎಲ್. ಹಲ್ದಂಕರ್ 1940ರ ದಶಕದಲ್ಲಿ ತಮ್ಮ ಮಗಳು ಗೀತಾಳನ್ನೇ ನಿಲ್ಲಿಸಿಕೊಂಡು ಬರೆದದ್ದು.

ಅದೂ ಜಲವರ್ಣದಲ್ಲಿ! ತೈಲವರ್ಣದಲ್ಲಿ ತಪ್ಪಿದರೆ ಮೇಲೆ ಬಣ್ಣ ಹಚ್ಚಿ ಮುಚ್ಚಬಹುದು. ಜಲವರ್ಣದಲ್ಲಿ ಬೆಳಕು ಬೇಕಾದ ಕಡೆ ಕಾಗದವನ್ನು ಮೊದಲೇ ಬಿಟ್ಟುಕೊಂಡು ಬರಬೇಕು, ಕೆಟ್ಟರೆ ಕೆಟ್ಟಿತು. ಬೆರಳ ಸಂದಿಯಲ್ಲಿ ಕೆಂಪಗೆ ತೂರಿಬರುವ ಆ ಬೆಳಕನ್ನು ಕಂಡು ಮೊದಲು ಹಿಗ್ಗಿದೆ, ಆಮೇಲೆ ಸಂಕಟವಾಯಿತು. ಹೊಟ್ಟೆಕಿಚ್ಚು ಎಂದರೂ ಸರಿಯೇ. ಮನೆಗೆ ಬಂದು ನನ್ನ ಚಿತ್ರಗಳನ್ನೆಲ್ಲ ಟ್ರಂಕಿಗೆ ಹಾಕಿದೆ. ಎರಡು ವರ್ಷ ಕುಂಚ ಮುಟ್ಟಲಿಲ್ಲ.

ಮತ್ತೊಮ್ಮೆ ಮಕ್ಕಳೊಂದಿಗೆ ಹೋದಾಗ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಆ ಚಿತ್ರದ ಮುಂದೆ ತನ್ನ ಬೆರಳುಗಳನ್ನು ಜೋಡಿಸಿ ನೋಡಿಕೊಳ್ಳುತ್ತಾ, "ಸರ್, ನಿಜವಾಗಲೂ ಬೆಳಕು ಹೀಗೇ ಬರುತ್ತಾ?" ಎಂದಳು. ನನಗೆ ಗೊತ್ತಿರಲಿಲ್ಲ! ಅಂದು ರಾತ್ರಿ ಕರೆಂಟು ಹೋದಾಗ ಮೇಣದಬತ್ತಿಗೆ ಕೈ ಅಡ್ಡ ಹಿಡಿದು ನೋಡಿದೆ. ಟ್ರಂಕು ತೆಗೆದೆ.

ಕಾಗದದ ಮೇಲೆ ಮೂಡಿದ ಕೈ ಚೆನ್ನಾಗಿಲ್ಲ, ಹೆಬ್ಬೆರಳು ಬದನೆಕಾಯಿಯಂತಾಗಿದೆ. ಆದರೂ ತರಗತಿಯ ಗೋಡೆಗೆ ಅಂಟಿಸಿದ್ದೇನೆ. ಬಂದು ನೋಡಿ.